ಅಂಗುಲಕ್ಕೆ ಆರಡಿ

ಮೇಲಿನ ಹಲಗೆಯಲ್ಲಿ ಎರಡನೇ ಮಹಾಯುದ್ಧ. ಅದರ ಕೆಳಗೆ 1965 ಮತ್ತು 1971. ಮೂರನೆಯದರಲ್ಲಿ ಮಿಗ್‌ಗಳು, ಒಂದರ ಬಾಲಕ್ಕೆ ಇನ್ನೊಂದರ ಮೂತಿ ತಾಗುವಷ್ಟು ಒತ್ತಾಗಿ. ಎಲ್ಲಕ್ಕಿಂತ ಕೆಳಗಿನದಕ್ಕೆ ಗಾಜಿಲ್ಲ. ಅಲ್ಲಿ ಇನ್ನೂ ಬಿಚ್ಚದ ಪೆಟ್ಟಿಗೆಗಳು, ಅವುಗಳ ಮೇಲೆ ಮೊಮ್ಮಗನ ಕೇರಂ ಬೋರ್ಡು, ಬೋರ್ಡಿನ ಮೇಲೆ ಒಗೆದು ಮಡಚಿಟ್ಟ ದಿಂಬಿನ ಕವರುಗಳು. ಬೆಂಗಳೂರಿನ ವಿಮಾನಪುರದ ಹತ್ತಿರ ಇರುವ ಈ ಮನೆಯ ಹಾಲಿನಲ್ಲಿ ಟಿವಿಗಿಂತ ಒಳ್ಳೆಯ ಗೋಡೆ ಆ ಕಪಾಟಿಗೇ ಸಿಕ್ಕಿದೆ. ಯಜಮಾನರು ಎಚ್‌ಎಎಲ್‌ನಲ್ಲಿ ಶೀಟ್ ಮೆಟಲ್ ಕೆಲಸ ಮಾಡಿ ನಿವೃತ್ತರಾದವರು. ಹೆಸರು ಹಾಕಬೇಡಿ ಅಂದಿದ್ದಾರೆ. “ಹೆಸರು ಬಂದ್ರೆ ಎಲ್ರೂ ಮಕ್ಕಳನ್ನ ಕರ್ಕೊಂಡು ಬರ್ತಾರೆ. ಮಕ್ಕಳು ಮುಟ್ತಾರೆ” ಎಂಬುದು ಅವರ ಅಂಜಿಕೆ.

ಮುಟ್ಟಿದರೆ ಮೊದಲು ಹೋಗುವುದು ಸ್ಪಿಟ್‌ಫೈರ್‌ನ ಏರಿಯಲ್. ಕಂಬದಿಂದ ಬಾಲದ ತುದಿಗೆ ಬಿಗಿದ ಆ ಎಳೆಯನ್ನು ಅಂಗಡಿಯಿಂದ ತಂದದ್ದಲ್ಲ. ಮಾದರಿ ವಿಮಾನದ ಕಿಟ್‌ನ ಭಾಗಗಳನ್ನೆಲ್ಲ ಕತ್ತರಿಸಿಕೊಂಡ ಮೇಲೆ ಉಳಿಯುವ ಪ್ಲಾಸ್ಟಿಕ್ ಚೌಕಟ್ಟಿನ ಕಡ್ಡಿಯೊಂದನ್ನು ಮೇಣದಬತ್ತಿಯ ಮೇಲೆ ಹಿಡಿಯುತ್ತಾರೆ. ಅದು ಹೊಳೆದು, ಮೆತ್ತಗಾಗಿ, ಜೋಲು ಬೀಳುವ ಕ್ಷಣಕ್ಕೆ ಉರಿಯಿಂದ ಆಚೆ ತಂದು ಎರಡು ಕೈಯಲ್ಲೂ ಎಳೆಯುತ್ತಾರೆ. ಅವಸರ ಮಾಡಿದರೆ ಕಡಿಯುತ್ತದೆ, ಅನುಮಾನಿಸಿದರೆ ದಪ್ಪ ಉಳಿಯುತ್ತದೆ. ಹದ ಸಿಕ್ಕಿದರೆ ಕೂದಲಷ್ಟು ಸಣ್ಣ ಎಳೆ. ಅಂಟಿಸಿದ ಮೇಲೆ ಸಡಿಲ ಅನ್ನಿಸಿದರೆ, ದೇವರ ಮನೆಯಿಂದ ಉರಿಯುತ್ತಿರುವ ಊದುಬತ್ತಿ ತಂದು ಎಳೆಯ ಹತ್ತಿರಕ್ಕೆ, ಮುಟ್ಟಿಸದೆ, ಒಮ್ಮೆ ಆಡಿಸುತ್ತಾರೆ. ಬಿಸಿಗೆ ಎಳೆ ಮುದುಡಿ ತಾನೇ ಬಿಗಿಯಾಗುತ್ತದೆ. ಊದುಬತ್ತಿ ವಾಪಸು ದೇವರ ಮನೆಗೆ.

ಕಪಾಟಿನಲ್ಲಿರುವ ಬಹುಪಾಲು ವಿಮಾನಗಳು ಎಪ್ಪತ್ತೆರಡರಲ್ಲಿ ಒಂದು ಪಾಲಿನವು. ಈ ವಿಚಿತ್ರ ಸಂಖ್ಯೆ ಅಡಿ–ಅಂಗುಲದ ಲೆಕ್ಕದಿಂದ ಬಂದದ್ದು: ಆರಡಿಗೆ ಒಂದು ಅಂಗುಲ. ಆರಡಿ ಎತ್ತರದ ಪೈಲಟ್ ಇಲ್ಲಿ ಅಂಗುಲದ ಆಳು. 1930ರ ದಶಕದಲ್ಲಿ ಇಂಗ್ಲೆಂಡಿನ ಮರದ ಮಾದರಿಗಳು ಈ ಅಳತೆಯನ್ನು ರೂಢಿಗೆ ತಂದವು. ಯುದ್ಧ ಅದನ್ನು ಗಟ್ಟಿ ಮಾಡಿತು. 1942ರಲ್ಲಿ ಅಮೆರಿಕದ ನೌಕಾಪಡೆ ಶಾಲಾ ಮಕ್ಕಳಿಂದ ಇದೇ ಅಳತೆಯ ಐದು ಲಕ್ಷ ಮರದ ವಿಮಾನಗಳನ್ನು ಮಾಡಿಸಲು ಹೊರಟಿತು. ಕಪ್ಪು ಬಣ್ಣ ಬಳಿದ ಆ ಮಾದರಿಗಳನ್ನು ಬೆಳಕಿಗೆ ಎದುರಾಗಿ ಹಿಡಿದು, ನೆರಳಿನ ಆಕಾರ ನೋಡಿಯೇ ಇದು ನಮ್ಮದು, ಅದು ಶತ್ರುವಿನದು ಎಂದು ಹೇಳಲು ಸೈನಿಕರಿಗೆ ಕಲಿಸುತ್ತಿದ್ದರು. ಅಂದರೆ ಈ ಹವ್ಯಾಸದ ಬೇರಿನಲ್ಲೇ ಗುಂಡು ಹಾರಿಸುವ ಮೊದಲಿನ ಪಾಠವೊಂದಿದೆ. ಗಾಜಿನೊಳಗೆ ಎಲ್ಲವೂ ಮುದ್ದಾಗಿ ಕಾಣುವಾಗ ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದೆಂದು ನನಗನ್ನಿಸುತ್ತದೆ.

ಪ್ಲಾಸ್ಟಿಕ್ಕಿನ ಕಾಲಕ್ಕೆ ದೊಡ್ಡ ಹೆಸರು ಏರ್‌ಫಿಕ್ಸ್. ಬಾಚಣಿಗೆ ಮಾಡಿಕೊಂಡಿದ್ದ ಈ ಇಂಗ್ಲಿಷ್ ಕಂಪನಿ, ಫರ್ಗುಸನ್ ಟ್ರ್ಯಾಕ್ಟರ್ ಮಾರುವವರಿಗೆಂದು ಪುಟ್ಟ ಟ್ರ್ಯಾಕ್ಟರ್ ಮಾದರಿ ಮಾಡಿಕೊಡಲು ಹೋಗಿ ಕಿಟ್‌ಗಳ ದಾರಿ ಹಿಡಿಯಿತು. 1953ರಲ್ಲಿ ಸ್ಪಿಟ್‌ಫೈರ್ ತಂದಿತು. ಪೆಟ್ಟಿಗೆಯ ಮೇಲಿನ ಚಿತ್ರವೇ ಅರ್ಧ ವ್ಯಾಪಾರ. 1964ರಿಂದ ಹತ್ತು ವರ್ಷ ಅವುಗಳನ್ನು ಬರೆದ ರಾಯ್ ಕ್ರಾಸ್ ಕೈಯಲ್ಲಿ ವಿಮಾನ ಯಾವಾಗಲೂ ಓರೆಯಾಗಿ, ಬೆಂಕಿಯ ನಡುವೆ, ನೋಡುವವನ ಮುಖಕ್ಕೇ ನುಗ್ಗುತ್ತಿತ್ತು. ಮುಂದೆ ಕಂಪನಿಗೆ ಸಂಕೋಚ ಹುಟ್ಟಿ, ಅದೇ ಚಿತ್ರಗಳಿಂದ ಸ್ಫೋಟ, ಹೊಗೆ, ಉರಿಯುವ ಶತ್ರು ವಿಮಾನಗಳನ್ನು ಅಳಿಸಿ ಮಾರಿದರು. ಬಾಂಬರ್ ಉಳಿಯಿತು, ಬಾಂಬು ಬಿದ್ದ ಜಾಗ ಮಾಯವಾಯಿತು. ಯಜಮಾನರ ಹತ್ತಿರ ಎರಡೂ ಬಗೆಯ ಮುಚ್ಚಳಗಳಿವೆ. ಬೆಂಕಿ ಇರುವುದನ್ನೇ ಅವರು ಗೋಡೆಗೆ ಹಾಕಿಸಿರುವುದು, ಮತ್ತು ಅದೇ ಸರಿ ಎಂದು ನನ್ನ ಮತ.

ಕೆಲಸ ನಡೆಯುವುದು ಊಟದ ಮೇಜಿನ ಮೇಲೆ, ಹಳೆಯ ಕ್ಯಾಲೆಂಡರ್ ಹಾಳೆ ಹಾಸಿಕೊಂಡು. ಬ್ಲೇಡು, ಚಿಮಟ, ಬೇರೆ ಬೇರೆ ನಂಬರಿನ ಉಪ್ಪು ಕಾಗದ, ಪುಟ್ಟಿ, ಸಣ್ಣ ಡಬ್ಬಿಗಳಲ್ಲಿ ಬಣ್ಣ. ಇಲ್ಲಿಯ ಅಂಟು ಅಂಟಿಸುವುದಿಲ್ಲ, ಕರಗಿಸುತ್ತದೆ. ಎರಡು ಅಂಚುಗಳ ಪ್ಲಾಸ್ಟಿಕ್ ನೀರಾಗಿ ಒಂದಕ್ಕೊಂದು ಬೆರೆತು ಮತ್ತೆ ಗಟ್ಟಿಯಾಗುತ್ತದೆ; ಆಮೇಲೆ ಅದನ್ನು ಬಿಡಿಸಲು ಬರುವುದಿಲ್ಲ. ಮೂತಿಯ ಕೆಳಗೆ ಚಕ್ರವಿರುವ ವಿಮಾನವಾದರೆ ಒಡಲನ್ನು ಮುಚ್ಚುವ ಮೊದಲು ಮೂತಿಯೊಳಗೆ ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳನ್ನು ತುಂಬಬೇಕು. ಮರೆತರೆ ಸಿದ್ಧವಾದ ವಿಮಾನ ಬಾಲ ಊರಿ, ಮೂತಿ ಮೇಲೆತ್ತಿ ಕೂತುಬಿಡುತ್ತದೆ. ಬಣ್ಣಕ್ಕೂ ಒಂದು ಕಣ್ಕಟ್ಟು ಬೇಕು. ವಾಯುಪಡೆಯ ಡಬ್ಬಿಯಿಂದಲೇ ಹಸಿರನ್ನು ತಂದು ಬಳಿದರೂ ಅಂಗೈಯಗಲದ ರೆಕ್ಕೆಯ ಮೇಲೆ ಅದು ಕಪ್ಪಾಗಿ ಹೊಡೆಯುತ್ತದೆ. ನಿಜ ವಿಮಾನವನ್ನು ನಾವು ದೂರದಿಂದ, ನಡುವಿನ ಗಾಳಿಯ ಮಬ್ಬಿನ ಮೂಲಕ ನೋಡಿರುತ್ತೇವೆ. ಆ ದೂರವನ್ನು ಬಣ್ಣಕ್ಕೆ ಒಂದೆರಡು ಹನಿ ಬಿಳಿ ಬೆರೆಸಿ ತರಬೇಕು.

ನನಗೆ ಹೊಸದಾಗಿ ಕಂಡ ಸಂಗತಿ ಮಿಗ್‌ಗಳ ಹಲಗೆಯಲ್ಲಿತ್ತು. ಮೂರು ಮಿಗ್-21 ಸಾಲಾಗಿ ನಿಂತಿವೆ. ಒಂದೇ ವಿಮಾನ ಮೂರು ಯಾಕೆ ಎಂದು ಕೇಳಿದ್ದಕ್ಕೆ ಅವರು, “ಒಂದೇ ಅಲ್ಲ ಸಾರ್, ಬೇರೆ ಬೇರೆ ದಿನ” ಅಂದರು. ಮೊದಲನೆಯದು 1963ರಲ್ಲಿ ಬಂದ ಕಾಲದ್ದು, ಬಣ್ಣವಿಲ್ಲದ ಬರೀ ಲೋಹ. ಎರಡನೆಯದು 1971ರ ಯುದ್ಧಕ್ಕೆ ಅವಸರದಲ್ಲಿ ಹಸಿರು ಬಳಿಸಿಕೊಂಡದ್ದು. ಕುಂಚದ ಗೀರುಗಳು ಬೇಕೆಂದೇ ಉಳಿಸಿದ್ದಾರೆ. ಮೂರನೆಯದು ಬೂದು ಬಣ್ಣದ್ದು, 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಬೀಳ್ಕೊಟ್ಟದ್ದು. ಮೂರರಲ್ಲಿ ಕಷ್ಟದ್ದು ಬಣ್ಣವಿಲ್ಲದ್ದೇ. ಲೋಹದ ಹೊಳಪು ಬರಬೇಕಾದರೆ ಮೊದಲು ಮಿರಮಿರ ಮಿಂಚುವ ಕಪ್ಪು ಹಾಕಿ ಅದರ ಮೇಲೆ ಬೆಳ್ಳಿ ಸಿಂಪಡಿಸಬೇಕು. ಒಂದು ಗೀರಿದ್ದರೂ ಊರಿಗೆಲ್ಲ ಕಾಣುತ್ತದೆ.

ದಿನವನ್ನು ಆರಿಸಿದರೆ ರೆಕ್ಕೆಯ ಮೇಲಿನ ಚಕ್ರಗುರುತೂ ಅದರ ಜೊತೆಗೇ ಬರುತ್ತದೆ. ಬರ್ಮಾ ರಣರಂಗದ ಸ್ಪಿಟ್‌ಫೈರ್‌ಗೆ ಎರಡು ಬಗೆಯ ನೀಲಿಯಷ್ಟೇ. ಜಪಾನಿನ ಕೆಂಪು ಸೂರ್ಯನೆಂದು ಯಾರೂ ಎಡವದಿರಲಿ ಎಂದು ಗುರುತಿನ ನಡುವಿದ್ದ ಕೆಂಪನ್ನು ಅಲ್ಲಿ ತೆಗೆದುಹಾಕಿದ್ದರು. ಸ್ವಾತಂತ್ರ್ಯದ ನಂತರ ಸ್ವಲ್ಪ ಕಾಲ ಅಶೋಕ ಚಕ್ರ. ಆಮೇಲೆ ಈಗಿನದು, ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಈ ಗುರುತುಗಳು ಡೀಕಲ್ ಹಾಳೆಯಲ್ಲಿ ಬರುತ್ತವೆ. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಕಾಗದದಿಂದ ಜಾರಿಸಿ, ಜಾಗಕ್ಕೆ ಸರಿಸಿ, ಹತ್ತಿಯಿಂದ ನೀರು ಒತ್ತಿ ತೆಗೆಯಬೇಕು. ಹಳೆಯ ಹಾಳೆ ಹಳದಿಗಟ್ಟಿದ್ದರೆ ಬಿಸಿಲು ಬೀಳುವ ಕಿಟಕಿಯ ಗಾಜಿಗೆ ಕೆಲವು ದಿನ ಅಂಟಿಸಿಟ್ಟು ಬಿಳುಪಾಗಿಸುತ್ತಾರೆ. ಕಟ್ಟಿ ಮುಗಿದ ವಿಮಾನಕ್ಕೆ ಅದೇ ಬಿಸಿಲು ಶತ್ರು. ಕಪಾಟು ಕಿಟಕಿಯಿಲ್ಲದ ಗೋಡೆ ಹಿಡಿದಿರುವುದು ಅದಕ್ಕೇ. ಇನ್ನೊಂದು ಶತ್ರು ಒಗ್ಗರಣೆ. ಬೀದಿಯ ದೂಳನ್ನು ಮೇಕಪ್ಪಿನ ಮೆತ್ತನೆಯ ಬ್ರಷ್ಷಿನಿಂದ ತೆಗೆಯಬಹುದು, ಅಡುಗೆಮನೆಯ ಎಣ್ಣೆಹೊಗೆ ಬೆರೆತ ದೂಳು ಜಿಡ್ಡಾಗಿ ಕೂರುತ್ತದೆ.

ಮೇಲಿನ ಹಲಗೆಯಲ್ಲಿ ಜರ್ಮನಿಯ ಫೋಕೆ-ವುಲ್ಫ್ 190 ಇದೆ. ಸತ್ಯನಾರಾಯಣ ಪೂಜೆಗೆ ಬಂದ ನೆರೆಮನೆಯವರೊಬ್ಬರು ಅದರ ಬಾಲ ನೋಡಿ, “ಪರವಾಗಿಲ್ವೇ, ಸ್ವಸ್ತಿಕ ಬರೆದಿದ್ದೀರಾ” ಎಂದು ಮೆಚ್ಚಿಕೊಂಡರಂತೆ. ಹಿಟ್ಲರನ ಗುರುತನ್ನು ತೋರಿಸುವುದಕ್ಕೆ ಜರ್ಮನಿಯಲ್ಲಿ ಕಾನೂನಿನ ಅಡ್ಡಿ ಇರುವುದರಿಂದ ಎಷ್ಟೋ ಕಿಟ್‌ಗಳಲ್ಲಿ ಅದು ಇರುವುದೇ ಇಲ್ಲ, ಇದ್ದರೂ ಎರಡು ತುಂಡಾಗಿರುತ್ತದೆ. ಇವರು ತುಂಡುಗಳನ್ನು ಜೋಡಿಸಿದ್ದಾರೆ. ಜೋಡಿಸಬೇಕಿತ್ತೇ? ಇತಿಹಾಸ ಇದ್ದ ಹಾಗೇ ಇರಲಿ ಎನ್ನುತ್ತಾರೆ ಅವರು. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಬೆಂಕಿಯ ಚಿತ್ರ ಯುದ್ಧದ ಸುಡುವಿಕೆಯನ್ನಾದರೂ ತೋರಿಸುತ್ತದೆ. ಒಗ್ಗರಣೆ ಡಬ್ಬಿಯ ಬಾಯಷ್ಟೂ ಇಲ್ಲದ ಆ ಗುರುತು ಏನನ್ನೂ ತೋರಿಸದೆ ಅಲಂಕಾರವಾಗಿ ಕೂತಿದೆ.

ಆದರೆ ಫೋಕೆ-ವುಲ್ಫ್ ಈ ಮನೆಗೆ ಬಂದದ್ದಕ್ಕೆ ಬೇರೆ ಕಾರಣವಿದೆ. ಅದನ್ನು ರೂಪಿಸಿದ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು ಎಚ್‌ಎಎಲ್‌ಗೆ ಎಚ್‌ಎಫ್-24 ಮಾರುತ್ ವಿಮಾನವನ್ನು ರೂಪಿಸಿಕೊಟ್ಟ. ಮೇಲಿನ ಹಲಗೆಯದ್ದೂ ಎರಡನೇ ಹಲಗೆಯ ಮಧ್ಯದ್ದೂ ಒಂದೇ ಕೈಯ ಗೆರೆ. ಫೋಕೆ-ವುಲ್ಫ್ ಬೇಕೆಂದರೆ ಹತ್ತು ಕಂಪನಿಗಳ ಪೆಟ್ಟಿಗೆ ಸಿಗುತ್ತದೆ. ಬೆಂಗಳೂರಿನಲ್ಲೇ ಹುಟ್ಟಿ, ಒಟ್ಟು 147ರಷ್ಟು ತಯಾರಾಗಿ, 1971ರಲ್ಲಿ ರಾಜಸ್ಥಾನದ ಮರಳುಗಾಡಿನ ಮೇಲೆ ಹೋರಾಡಿದ ಮಾರುತ್ ಬೇಕೆಂದರೆ ಏರ್‌ಫಿಕ್ಸ್ ಇಲ್ಲ, ತಮಿಯಾ ಇಲ್ಲ. ಸಣ್ಣ ತಯಾರಕರ ರೆಸಿನ್ ಎರಕವನ್ನು ಹುಡುಕಬೇಕು, ಇಲ್ಲವೇ ಸ್ವತಃ ಕೆತ್ತಬೇಕು. ಪಕ್ಕದ ನ್ಯಾಟ್‌ನದೂ ಹೆಚ್ಚುಕಡಿಮೆ ಇದೇ ಕಥೆ. 1971ರ ಡಿಸೆಂಬರ್ 14ರಂದು ನಿರ್ಮಲ್ ಜಿತ್ ಸಿಂಗ್ ಸೆಖೋನ್ ಶ್ರೀನಗರದ ಮೇಲೆ ಹಾರಿಸಿ, ಪ್ರಾಣ ಕೊಟ್ಟು, ಪರಮವೀರ ಚಕ್ರ ಪಡೆದದ್ದು ಒಂದೇ ಸೀಟಿನ ನ್ಯಾಟ್. ಅಂಗಡಿಯಲ್ಲಿ ಸುಲಭವಾಗಿ ಕಾಣುವ ಕಿಟ್ ಬ್ರಿಟನ್ನಿನ ರೆಡ್ ಆ್ಯರೋಸ್ ತಂಡದ ಎರಡು ಸೀಟಿನ ತರಬೇತಿ ವಿಮಾನದ್ದು. ಒಂದು ಸೀಟು ಕಿತ್ತರೆ ಮುಗಿಯುವುದಿಲ್ಲ. ಅದರ ರೆಕ್ಕೆಯೇ ದೊಡ್ಡದು. ಯಾರ ವಿಮಾನ ಪೆಟ್ಟಿಗೆಯಲ್ಲಿ ಬರುತ್ತದೆ, ಯಾರದ್ದು ಬರುವುದಿಲ್ಲ ಎಂಬುದರಲ್ಲೇ ಲೋಕದ ಯಜಮಾನಿಕೆ ಕಾಣುತ್ತದೆ.

ಹಾಗಾಗಿ ಮಾರುತ್ ಇಲ್ಲಿ ಮರದ್ದು. ಚನ್ನಪಟ್ಟಣದ ಗೊಂಬೆ ಮಾಡುವ ಹಾಲೆ ಮರದ ತುಂಡು. ನಾರು ಎದ್ದು ಬರುವುದಿಲ್ಲ, ನಯ ಮಾಡಿದಷ್ಟೂ ನಯ. ನಕ್ಷೆಯ ನಕಲನ್ನು ಮರಕ್ಕೆ ಅಂಟಿಸಿ ಮೇಲಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ಗರಗಸ ಹಾಕಿ, ಉಳಿದದ್ದೆಲ್ಲ ಚಾಕು ಮತ್ತು ಉಪ್ಪು ಕಾಗದ. ಕಷ್ಟವೆಲ್ಲ ನಡುವಿನದು. ಮಾರುತ್‌ನ ಒಡಲು ರೆಕ್ಕೆ ಸೇರುವ ಕಡೆ ಒಳಕ್ಕೆ ಸರಿದು ಸಣ್ಣಗಾಗುತ್ತದೆ. ಶಬ್ದದ ವೇಗದ ಹತ್ತಿರ ಗಾಳಿಯ ತಡೆ ಕಮ್ಮಿಯಾಗಲಿ ಎಂದು ಮಾಡಿದ ಯುಕ್ತಿ. ಒಂದು ಮಿಲಿಮೀಟರ್ ಜಾಸ್ತಿ ಉಜ್ಜಿದರೆ ವಿಮಾನ ಬಡವಾಗುತ್ತದೆ. ಅನುಮಾನ ಬಂದಾಗಲೆಲ್ಲ ಅವರು ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಹೋಗಿ, ಅಂಗಳದಲ್ಲಿ ನಿಲ್ಲಿಸಿರುವ ಮಾರುತ್‌ನ ಸುತ್ತ ತಿರುಗಿ ಫೋಟೋ ತೆಗೆದು ಬರುತ್ತಾರೆ. ಆಕಾರಕ್ಕಷ್ಟೇ. ಹೀಗೆ ನಿಲ್ಲಿಸಿದ ವಿಮಾನಗಳಿಗೆ ಮತ್ತೆ ಮತ್ತೆ ಬಣ್ಣ ಬಳಿದಿರುತ್ತಾರೆ, ಬಣ್ಣದ ವಿಷಯದಲ್ಲಿ ನಂಬಬಾರದು ಎಂಬುದು ಈ ಹವ್ಯಾಸದವರ ಎಚ್ಚರಿಕೆ.

ಮರದಲ್ಲಿ ಕೆತ್ತಿದ್ದು ಒಂದು ರೀತಿಯಲ್ಲಿ ತಕ್ಕದ್ದೇ. ಲೋಹದ ಮಾರುತ್ ಹಾರುವ ಮೊದಲು ಎಚ್‌ಎಎಲ್ ಅದರ ಅಷ್ಟೇ ಗಾತ್ರದ ಮರದ ಗ್ಲೈಡರ್ ಮಾಡಿ, 1959ರಲ್ಲಿ ಡಕೋಟಾ ವಿಮಾನದ ಹಿಂದೆ ಕಟ್ಟಿ ಆಕಾಶಕ್ಕೆ ಎಳೆದೊಯ್ದು ಬಿಟ್ಟು ಪರೀಕ್ಷಿಸಿತ್ತು. ಎಂಜಿನ್ನಿಲ್ಲ, ಬರೀ ಆಕಾರ. 1961ರ ಜೂನ್ 17ರಂದು ಸುರಂಜನ್ ದಾಸ್ ನಿಜವಾದದ್ದನ್ನು ಮೊದಲ ಸಲ ಹಾರಿಸಿದರು. ಎಂಜಿನ್ನೇ ಅದರ ದುಃಖ. ಪುಟ್ಟ ನ್ಯಾಟ್‌ಗೆ ಒಂದೇ ಸಾಕಾಗಿದ್ದ ಆರ್ಫಿಯಸ್ ಎಂಜಿನ್ ಮಾರುತ್‌ಗೆ ಎರಡು ಹಾಕಿದರೂ ಸಾಲಲಿಲ್ಲ. ಅದರ ಬಲ ಹೆಚ್ಚಿಸುವ ಪ್ರಯೋಗದ ವಿಮಾನವೊಂದರಲ್ಲೇ 1970ರ ಜನವರಿ 10ರಂದು ದಾಸ್ ತೀರಿಕೊಂಡರು. ಹಳೆ ಮದ್ರಾಸ್ ರಸ್ತೆಯಿಂದ ಎಚ್‌ಎಎಲ್ ಕಡೆಗೆ ತಿರುಗುವ ರಸ್ತೆಗೆ ಅವರ ಹೆಸರಿದೆ. ಟ್ರಾಫಿಕ್‌ನಲ್ಲಿ ನಿಂತವರು ದಿನವೂ ಅದನ್ನು ಓದುತ್ತಾರೆ.

ಮಾತು ಅಷ್ಟಕ್ಕೆ ಬಂದಾಗ ಅಡುಗೆಮನೆಯಿಂದ, “ರೀ, ಮೇಜು ಖಾಲಿ ಮಾಡ್ತೀರಾ? ತಟ್ಟೆ ಇಡ್ಬೇಕು” ಎಂದು ಕೇಳಿತು. ಮೇಜಿನ ಮೇಲಿದ್ದದ್ದು ಲಿಬರೇಟರ್ ಬಾಂಬರ್. ಬ್ರಿಟಿಷರು ಹೋಗುವಾಗ ಮತ್ತೆ ಹಾರದಂತೆ ಕೆಡಿಸಿ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ನಲವತ್ತರಷ್ಟು ಲಿಬರೇಟರ್‌ಗಳನ್ನು ಎಚ್‌ಎಎಲ್‌ನವರು ತೇಪೆ ಹಾಕಿ, ಜಮ್ಶೆಡ್ ಮುನ್ಷಿ ಎಂಬ ಪೈಲಟ್ ಬೆಂಗಳೂರಿಗೆ ಹಾರಿಸಿಕೊಂಡು ಬಂದು, ಇಲ್ಲಿ ಸರಿಮಾಡಿ 1948ರಿಂದ ವಾಯುಪಡೆಗೆ ಕೊಟ್ಟರು. 1968ರವರೆಗೆ ಅವು ದುಡಿದವು. ಆಮೇಲೆ ಅವುಗಳಲ್ಲಿ ಕೆಲವು ಇಂಗ್ಲೆಂಡು, ಅಮೆರಿಕ, ಕೆನಡಾಗಳ ಮ್ಯೂಸಿಯಂ ಸೇರಿದವು. ಎಪ್ಪತ್ತೆರಡರಲ್ಲಿ ಒಂದು ಪಾಲಾದರೂ ಅದರ ರೆಕ್ಕೆಗಳ ತುದಿಯಿಂದ ತುದಿಗೆ ನಲವತ್ತಾರೂವರೆ ಸೆಂಟಿಮೀಟರ್. ಕಪಾಟಿನ ಯಾವ ಹಲಗೆಗೂ ಹಿಡಿಸುವುದಿಲ್ಲ.

ಯಜಮಾನರು ಅದನ್ನು ಎರಡೂ ಅಂಗೈಯ ಮೇಲೆ ಎತ್ತಿಕೊಂಡು ಎದ್ದು, ಹಾಲಿನಲ್ಲಿ ಒಂದು ಸುತ್ತು ಬಂದು, ಫ್ರಿಜ್ಜಿನ ಎದುರು ನಿಂತರು. ಹೆಂಡತಿ ಮಾತಾಡಲಿಲ್ಲ, ಡ್ರಾಯರಿನಿಂದ ಟೇಪು ತಂದು ತಾವೇ ಅಳೆದರು.

“ಐವತ್ತೈದು. ಹಿಡಿಸುತ್ತೆ” ಅಂದರು ಇವರು, ಗೆದ್ದವರ ದನಿಯಲ್ಲಿ.

“ಹಿಡಿಸೋದು ಹಿಡಿಸುತ್ತೆ. ನಿಮ್ಮ ಮೊಮ್ಮಗ ನೀರಿನ ಬಾಟ್ಲಿ ತಗೊಂಡು ಬಾಗ್ಲು ಧಡ್ ಅಂತ ಹಾಕ್ತಾನಲ್ಲ, ಆಗ?”

“ಏನೂ ಆಗಲ್ಲ ಕಣೇ, ಮೂತೀಲಿ ಸೀಸ ಇದೆ.”