‘ನನ್ನ ಊಟ ಆಯ್ತಮ್ಮ’

ಕಳೆದ ವರ್ಷ ಸಂಬಂಧಿಕರ ಮದುವೆಯಲ್ಲಿ ಯಾರೋ ನನ್ನ ಮಗಳ ಕೆನ್ನೆ ಹಿಂಡಿ, “ಏನು ಮಾರಾಯ್ತಿ, ತೋರ ಆಗಿದ್ದೀ!” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಒಂಬತ್ತನೇ ತರಗತಿಯ ಹುಡುಗಿ ಮಾತ್ರ ನಗಲಿಲ್ಲ.

ಮರುವಾರದಿಂದ ಅವಳ ತಟ್ಟೆಯಲ್ಲಿ ಅನ್ನ ಕಡಿಮೆಯಾಯಿತು. ಆಮೇಲೆ ನೀರುದೋಸೆ ಬೇಡ, ತೆಂಗಿನಕಾಯಿ ಹಾಕಿದ್ದು ಯಾವುದೂ ಬೇಡ. ಇಷ್ಟದ ಬಂಗುಡೆ ಗಸಿಯನ್ನೂ ದೂರ ತಳ್ಳಿದಳು. ಕೇಳಿದರೆ “ನನ್ನ ಊಟ ಆಯ್ತಮ್ಮ” ಎಂಬ ಒಂದೇ ಉತ್ತರ. ಸಂಜೆಯಾದರೆ ಸೋಮೇಶ್ವರದ ಕಡಲ ಬದಿಯಲ್ಲಿ ನಡೆದೇ ನಡೆಯುವಳು. “ಸಪೂರ ಆಗಿ ಈಗ ಚಂದ ಕಾಣ್ತಾಳೆ” ಎಂದು ನೆರೆಯವರು ಹೊಗಳಿದರು. ಐದು ತಿಂಗಳಲ್ಲಿ ಮುಟ್ಟು ನಿಂತಿತು, ಕೂದಲು ಉದುರಿತು. ಒಂದು ಬೆಳಿಗ್ಗೆ ಶಾಲೆಯ ಪ್ರಾರ್ಥನೆಯ ಹೊತ್ತಿಗೆ ಕುಸಿದು ಬಿದ್ದಳು.

ಗ್ಯಾಸ್ಟ್ರಿಕ್ ಅಂದುಕೊಂಡೆವು. ದೃಷ್ಟಿ ತೆಗೆಸಿದೆವು. ಒಬ್ಬ ವೈದ್ಯರು ಟಾನಿಕ್ ಬರೆದು, “ಈ ಪ್ರಾಯದಲ್ಲಿ ಹೀಗೆಯೇ” ಎಂದರು. ಉಳ್ಳಾಲಕ್ಕೆ ಹತ್ತಿರದ ದೇರಳಕಟ್ಟೆಯಲ್ಲಿ ಕೆ.ಎಸ್. ಹೆಗ್ಡೆ, ಯೆನೆಪೋಯದಂಥ ವೈದ್ಯಕೀಯ ಕಾಲೇಜು ಆಸ್ಪತ್ರೆಗಳೇ ಇವೆ. ನಮಗೆ ಆಸ್ಪತ್ರೆ ದೂರವಿರಲಿಲ್ಲ. ಇದೊಂದು ಕಾಯಿಲೆ ಎಂಬುದೇ ಗೊತ್ತಿರಲಿಲ್ಲ.

ಕೊನೆಗೆ ಮನೋವೈದ್ಯೆಯೊಬ್ಬರು ಹೆಸರು ಹೇಳಿದರು: ಅನೊರೆಕ್ಸಿಯಾ ನರ್ವೋಸಾ.

ಹಟವಲ್ಲ, ಹಸಿವಿನ ಆಟ

1944–45ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ 36 ಆರೋಗ್ಯವಂತ ಯುವಕರಿಗೆ ಸುಮಾರು ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ಅವರಿಗೆ ಹಗಲಿರುಳೂ ಊಟದ್ದೇ ಯೋಚನೆ, ಸಿಡುಕು, ಖಿನ್ನತೆ. ಹಸಿವೇ ಮನಸ್ಸನ್ನು ಕೆಡಿಸುತ್ತದೆ. ಹಾಗಾಗಿ ಊಟವೇ ಮೊದಲ ಮದ್ದು. ಆದರೆ ಬಡಕಲಾದ ದೇಹಕ್ಕೆ ಒಮ್ಮೆಲೇ ತಿನ್ನಿಸಿದರೆ ಅಪಾಯ. ನಾಡಿ, ರಕ್ತದೊತ್ತಡ, ಪೊಟ್ಯಾಸಿಯಂ, ಇಸಿಜಿ ನೋಡಿಕೊಂಡು ನಿಧಾನವಾಗಿ ಏರಿಸಬೇಕು.

ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ 1980ರ ದಶಕದಲ್ಲಿ ರೂಪುಗೊಂಡ ಪದ್ಧತಿಯಂತೆ, ಮಗಳ ತಟ್ಟೆಯ ಹೊಣೆ ಸದ್ಯಕ್ಕೆ ನಮ್ಮದಾಯಿತು. ಮೂರು ಹೊತ್ತೂ ಜೊತೆಗೆ ಕೂತು ಊಟ. ಬೈಗುಳವಿಲ್ಲ, ತೂಕದ ಮಾತಿಲ್ಲ.

“ಮನೆಯಲ್ಲಿ ಬೇರೆ ಯಾರು ಡಯಟ್ ಮಾಡ್ತಾರೆ?” ಎಂದು ವೈದ್ಯೆ ಕೇಳಿದಾಗ ಮಗಳು ನನ್ನತ್ತ ನೋಡಿದಳು. ಕನ್ನಡಿ ಮುಂದೆ ಸೊಂಟ ಹಿಡಿದು “ಛೇ, ಎಮ್ಮೆಯ ಹಾಗೆ ಆಗಿದ್ದೇನೆ” ಎಂದು ದಿನವೂ ಬೈದುಕೊಳ್ಳುತ್ತಿದ್ದವಳು ನಾನೇ.

ನೀವು ಗಮನಿಸಿ

ಊಟ ತಪ್ಪಿಸಲು ನೆಪ, ಊಟವಾದ ಕೂಡಲೇ ಬಚ್ಚಲಿಗೆ ಓಟ, ಗುಟ್ಟಾಗಿ ವಿಪರೀತ ತಿನ್ನುವುದು, ಮುಟ್ಟು ನಿಲ್ಲುವುದು ಎಚ್ಚರಿಕೆಯ ಗಂಟೆಗಳು. ಗಂಡುಮಕ್ಕಳಿಗೂ ಇದು ಬರುತ್ತದೆ. ಸಪೂರ ಕಾಣದವರಿಗೂ ಬರುತ್ತದೆ. ಎಲ್ಲಿಗೆ ಹೋಗುವುದೆಂದು ತಿಳಿಯದಿದ್ದರೆ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ ಉಚಿತ, ಹಗಲಿರುಳೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ವಿಮೆ ಇದ್ದವರು ಕೇಳಿ ನೋಡಿ: ದೇಹದ ಕಾಯಿಲೆಯಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ.

ಮಗಳಿಗೆ ಮುಟ್ಟು ಮರಳಿದೆ. ಒಂದು ದೋಸೆಗೆ ಅರ್ಧ ಗಂಟೆ ಅಳುವ ದಿನಗಳು ಈಗಲೂ ಇವೆ. ಮೊನ್ನೆ ಬಂದ ಅತ್ತಿಗೆ “ಇವಳು ಈಗ ಸ್ವಲ್ಪ...” ಎಂದು ಬಾಯಿ ತೆರೆದರು. “ಮೈಯ ಮಾತು ಬೇಡ ಅತ್ತಿಗೆ, ಅವಳು ಬಿಡಿಸಿದ ಚಿತ್ರ ನೋಡಿ” ಎಂದೆ. ಮಗಳು ಎದ್ದು ಹೋಗಿ ಪುಸ್ತಕ ತಂದಳು.