ಬೇಕೆಂದೇ ತರಿಸಿಕೊಳ್ಳುವ ನರೆ

ಬೆಳ್ಳಗಾದ ಕೂದಲನ್ನು ಕಪ್ಪು ಮಾಡಿಕೊಳ್ಳುವ ಪದ್ಧತಿ ನಮ್ಮ ಸಮಾಜಕ್ಕೆ ಹೊಸದಲ್ಲ. ಮಗಳ ನಿಶ್ಚಿತಾರ್ಥ ಬಂತೆಂದರೆ, ಮಗನಿಗೆ ಕನ್ಯೆ ನೋಡಲು ಹೊರಟರೆಂದರೆ, ಹಿಂದಿನ ರಾತ್ರಿ ಹಿರಿಯರ ಕೈಗೆ ಬಟ್ಟಲು-ಬ್ರಶ್ ಬಂದೇ ಬರುತ್ತವೆ. ಆದರೆ ಕಪ್ಪಗೆ ಸೊಂಪಾಗಿರುವ ಕೂದಲನ್ನು ಬುದ್ಧಿಪೂರ್ವಕವಾಗಿ ಬೆಳ್ಳಿಯ ಬಣ್ಣಕ್ಕೆ ತಿರುಗಿಸಿಕೊಳ್ಳುವ ಗಾಳಿ ಮಾತ್ರ ಈಚಿನದು. 2015ರ ಸುಮಾರಿಗೆ ಪರದೇಶದ ತರುಣಿಯರಲ್ಲಿ ‘ಗ್ರ್ಯಾನಿ ಹೇರ್’, ಅಂದರೆ ಅಜ್ಜಿಯ ಕೂದಲು, ಎಂಬ ಹೆಸರಿನಿಂದ ಹಬ್ಬಿದ ಈ ಶೋಕಿ ಪುಣೆ, ಬೆಂಗಳೂರುಗಳನ್ನು ದಾಟಿ ನಮ್ಮ ಜತ್ತ, ಅಕ್ಕಲಕೋಟೆ, ಸೊಲ್ಲಾಪುರದ ಕಡೆಯ ಮನೆಗಳಿಗೂ ಬಂದು ಮುಟ್ಟಿದೆ. ಕಾಲೇಜಿಗೆಂದು ಹೋದ ಮಕ್ಕಳು ರಜೆಗೆ ಬರುವಾಗ ಅಜ್ಜ-ಅಜ್ಜಿಯರ ತಲೆ ಹೊತ್ತು ಬರುತ್ತಾರೆ. ಉಳಿದವರು ಸಾಮಾನು ತರಿಸಿಕೊಂಡು ಮನೆಯ ಬಚ್ಚಲಲ್ಲೇ ಪ್ರಯೋಗ ಮಾಡುತ್ತಾರೆ.

ನಮ್ಮದು ಕಟ್ಲರಿ ಅಂಗಡಿ. ಟಿಕಲಿ, ಬಳೆ, ಪೌಡರುಗಳ ಜೊತೆಗೆ ಈ ಬಣ್ಣದ ಡಬ್ಬಿಗಳೂ ನಮ್ಮ ಕಪಾಟಿನಲ್ಲಿವೆ. ಎಷ್ಟೋ ಡಬ್ಬಿಗಳ ಮೇಲೆ ಸಾಸಿವೆ ಕಾಳಿನಷ್ಟು ಸಣ್ಣ ಇಂಗ್ಲಿಷ್ ಅಕ್ಷರ. ಮರಾಠಿ ಸಿಕ್ಕರೆ ಪುಣ್ಯ, ಕನ್ನಡದ ಮಾತಂತೂ ದೂರ. ಮಗಳು ಚೀಟಿ ಬರೆದು ಕೊಡುತ್ತಾಳೆ, ತಾಯಿ ಬಂದು ಕೇಳುತ್ತಾಳೆ, ಅದು ಏನು, ಏತಕ್ಕೆ ಎಂಬುದು ತಾಯಿಗೂ ತಿಳಿಯದು, ಅನೇಕ ಸಲ ಮಗಳಿಗೂ ತಿಳಿಯದು. ಆದ್ದರಿಂದ ನಾಲ್ಕು ಮಾತು ಬರೆಯುವುದು ಅವಶ್ಯವೆಂದು ಕಂಡಿತು.

ಮೊದಲನೆಯ ತಪ್ಪು ತಿಳಿವಳಿಕೆ ಎಂದರೆ, ಬೆಳ್ಳಿ ಬಣ್ಣವನ್ನು ಕೂದಲಿಗೆ ‘ಹಚ್ಚಬಹುದು’ ಎಂಬುದು. ಬಿಳಿ ಗೋಡೆಗೆ ಕರಿ ಬಣ್ಣ ಬಳಿಯಬಹುದು. ಕೂದಲಿನ ಬಣ್ಣಗಳು ಹಾಗಲ್ಲ, ಕರಿಯ ಮೇಲೆ ಬಳಿದ ಬೆಳ್ಳಿ ಕಾಣುವುದೇ ಇಲ್ಲ. ಆದ್ದರಿಂದ ಇಲ್ಲಿ ನಡೆಯುವ ಮುಖ್ಯ ಕೆಲಸ ಬಣ್ಣ ಹಾಕುವುದಲ್ಲ, ಇದ್ದ ಬಣ್ಣವನ್ನು ಕೀಳುವುದು. ಕೂದಲಿನ ಹೊರಗೆ ಮೀನಿನ ಹುರುಪೆಯಂಥ ಪದರವಿದೆ. ಒಳಗೆ ಮೆಲನಿನ್ ಎಂಬ ವರ್ಣದ್ರವ್ಯದ ಕಣಗಳಿವೆ. ಬ್ಲೀಚು ಆ ಹುರುಪೆಗಳನ್ನು ಎಬ್ಬಿಸಿ ಒಳಹೊಕ್ಕು ಕಣಗಳನ್ನು ಕರಗಿಸುತ್ತದೆ. ಕಪ್ಪು ಒಮ್ಮೆಲೇ ಬಿಳಿಯಾಗುವುದಿಲ್ಲ. ಮೊದಲು ಕೆಂಪು, ಆಮೇಲೆ ಕಿತ್ತಳೆ, ಆಮೇಲೆ ಹಳದಿ, ಕೊನೆಗೆ ಬಾಳೆಹಣ್ಣಿನ ಸಿಪ್ಪೆಯ ಒಳಮೈಯಂಥ ತಿಳಿ ಹಳದಿ. ಕ್ಷೌರದ ಕಸಬಿನವರು ಕಪ್ಪಿಗೆ 1 ಎಂದೂ ಈ ತಿಳಿ ಹಳದಿಗೆ 10 ಎಂದೂ ಅಂಕಿ ಇಟ್ಟಿದ್ದಾರೆ. ನಮ್ಮ ಜನರ ಕೂದಲು ಬಹುತೇಕ 1, 2ರಲ್ಲಿಯೇ ಇರುತ್ತದೆ. ಬೆಳ್ಳಿ ಬೇಕಾದರೆ 10ರ ತನಕ ಏರಲೇಬೇಕು. ಯುರೋಪಿನವರ ಕೂದಲು ಎಷ್ಟೋ ಸಲ ನಡುದಾರಿಯಲ್ಲೇ ಇರುವುದರಿಂದ ಅವರಿಗೆ ಇದು ಸುಲಭ. ಅವರ ಫೋಟೋ ನೋಡಿ ನಾವು ಹೊರಡುವುದು ಬೆಟ್ಟದ ಬುಡದಿಂದ.

ಹಳದಿಯಾದ ಮೇಲೆ ಅದನ್ನು ಬೆಳ್ಳಿ ಮಾಡುವ ಉಪಾಯ ನಮ್ಮ ಅಕ್ಕ-ತಂಗಿಯರಿಗೆ ಗೊತ್ತಿರುವುದೇ. ಬಿಳಿ ಧೋತರ ಹಳದಿಗೆ ತಿರುಗಿದರೆ ನೀಲಿ ಹಾಕಿ ಹಿಂಡುತ್ತೇವಲ್ಲ, ಅದೇ ಯುಕ್ತಿ. ಕೂದಲಿಗೆ ನೀಲಿಯ ಬದಲು ನೇರಳೆ ಬಣ್ಣದ ಟೋನರ್ ಇಲ್ಲವೆ ನೇರಳೆ ಶಾಂಪೂ. ನೇರಳೆಯು ಹಳದಿಯನ್ನು ಅಡಗಿಸುತ್ತದೆ. ಆದರೆ ಕೂದಲು ಕಿತ್ತಳೆಯಲ್ಲೇ ನಿಂತಿದ್ದರೆ ಎಷ್ಟು ನೇರಳೆ ಸುರಿದರೂ ಕೆಸರಿನ ಬಣ್ಣವೇ ಹೊರತು ಬೆಳ್ಳಿಯಲ್ಲ. ಆಗಿ ಬಂದ ಬೆಳ್ಳಿಯೂ ಕೆಲವು ವಾರಗಳ ಅತಿಥಿ. ನಮ್ಮ ಬಿಸಿಲಿಗೂ ಬೋರಿನ ಸಪ್ಪೆ-ಉಪ್ಪು ನೀರಿಗೂ ಬೇಗನೆ ಹಳದಿ ಮರುಕಳಿಸುತ್ತದೆ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುವುದರಿಂದ ಮೂರು-ನಾಲ್ಕು ವಾರದಲ್ಲಿ ಬುಡದ ಕಪ್ಪೂ ಇಣುಕುತ್ತದೆ.

ಇನ್ನು ಡಬ್ಬಿಯ ಅಂಕಿಗಳು. ಬ್ಲೀಚಿನ ಪುಡಿಯಲ್ಲಿ ಪರ್ಸಲ್ಫೇಟ್ ಎಂಬ ಲವಣಗಳಿವೆ. ಅದನ್ನು ಕಲಸುವ ದ್ರವ ಹೈಡ್ರೋಜನ್ ಪೆರಾಕ್ಸೈಡ್. ಅದರ ಮೇಲೆ 20, 30, 40 ವಾಲ್ಯೂಮ್ ಎಂದು ಬರೆದಿರುತ್ತದೆ. 20 ಎಂದರೆ ಒಂದು ಅಳತೆ ದ್ರವದಿಂದ 20 ಅಳತೆ ಆಮ್ಲಜನಕ ಹೊರಡುತ್ತದೆ ಎಂದರ್ಥ. ಶೇಕಡಾ ಲೆಕ್ಕದಲ್ಲಿ 20ಕ್ಕೆ 6, 30ಕ್ಕೆ 9, 40ಕ್ಕೆ 12. ‘ಕಾಕಾ, ಸ್ಟ್ರಾಂಗ್ ಇರೋದೇ ಕೊಡ್ರಿ, ಒಂದೇ ಸಲಕ್ಕೆ ಮುಗೀಲಿ’ ಎಂದು ಹುಡುಗರು ಕೇಳುತ್ತಾರೆ. 40 ಅನ್ನು ಮನೆಯ ಕೆಲಸಕ್ಕೆ ನಾವು ಕೊಡುವುದಿಲ್ಲ, ಗಿರಾಕಿ ಬೇರೆ ಅಂಗಡಿಗೆ ಹೋದರೂ ಚಿಂತೆಯಿಲ್ಲ. ನೆತ್ತಿಯ ಮೇಲೆ ಗುಳ್ಳೆ ಎದ್ದು ಚರ್ಮ ಸುಡುವುದು ಆ ಅವಸರದಿಂದಲೇ. 20ರ ಶಕ್ತಿಯಲ್ಲಿ, ನಡುವೆ ಕೆಲವು ವಾರ ಬಿಟ್ಟು, ಎರಡು-ಮೂರು ಬೈಠಕಿನಲ್ಲಿ ಮಾಡಿದರೆ ಕೂದಲು ಉಳಿದೀತು. ಅಷ್ಟು ತಾಳ್ಮೆ ಇಲ್ಲದವರಿಗೆ ಈ ಬಣ್ಣ ಹೇಳಿದ್ದಲ್ಲ.

ನಮ್ಮ ಪರಿಚಯದ ಮನೆಯ ಒಬ್ಬ ಮಗಳು ಮದುವೆಗೆ ಎರಡು ತಿಂಗಳಿರುವಾಗ ಒಂದೇ ದಿನ ಮೂರು ಸಲ ಬ್ಲೀಚು ಹಾಕಿಕೊಂಡಳು. ಅವಳ ಕೂದಲಿಗೆ ವರ್ಷಗಟ್ಟಲೆ ಮದರಂಗಿಯ ಜೊತೆಗೆ ಇಂಡಿಗೋ ಪುಡಿ ಸೇರಿಸಿ ಹಚ್ಚುತ್ತಿದ್ದರು. ಇಂಡಿಗೋ ಹಿಡಿದ ಕೂದಲಿಗೆ ಬ್ಲೀಚು ತಾಗಿದರೆ ಹಸಿರು ಬರುವುದುಂಟು, ಅವಳಿಗೂ ಬಂತು. ಅದನ್ನು ಕಳೆಯಲು ಮತ್ತೆ ಹಾಕಿದಳು. ಒದ್ದೆ ಕೂದಲು ರಬ್ಬರಿನಂತೆ ಎಳೆದಷ್ಟು ಜಗ್ಗಿ ಕೈಗೇ ತುಂಡಾಗಿ ಬರತೊಡಗಿತು. ಸೊಂಟದ ತನಕ ಇದ್ದ ಜಡೆ ಕಿವಿಯ ಮಟ್ಟಕ್ಕೆ ಬಂತು. ಮದುವೆಯೇನೋ ನಿಲ್ಲಲಿಲ್ಲ, ಬೀಗರು ಸಜ್ಜನರು. ಆದರೆ ಆ ಎರಡು ತಿಂಗಳು ಹುಡುಗಿ ಬಸದಿಗೂ ಹೋಗದೆ ಕೋಣೆಯಲ್ಲಿ ಕುಳಿತಿದ್ದಳು. ಹಾಳಾದ ಕೂದಲು ಸತ್ತ ವಸ್ತು, ಯಾವ ಎಣ್ಣೆಯಿಂದಲೂ ಅದು ಮತ್ತೆ ಕೂಡುವುದಿಲ್ಲ, ಹೊಸದು ಬೆಳೆದು ಬರಬೇಕು ಅಷ್ಟೇ.

ಇಷ್ಟಾದರೂ ಮಾಡುತ್ತೇವೆನ್ನುವವರು ಬಾಚಣಿಗೆಯಲ್ಲಿ ಉದುರಿದ ಕೂದಲನ್ನು ಕೂಡಿಸಿ, ಕಲಸಿದ ಬ್ಲೀಚನ್ನು ಮೊದಲು ಅದಕ್ಕೇ ಹಚ್ಚಿ ನೋಡಬೇಕು. ಪೇಟೆಯ ‘ಕಪ್ಪು ಮೆಹಂದಿ’ಗಳಲ್ಲಿ ಕೆಲವಕ್ಕೆ ಲೋಹದ ಲವಣ ಬೆರೆಸಿರುತ್ತಾರೆ, ಅದು ಪೆರಾಕ್ಸೈಡಿಗೆ ಕೂಡಿದರೆ ಕಾವೇರುತ್ತದೆ. ಕೂದಲು ಬಿಸಿಯಾದರೆ, ಹಸಿರಾದರೆ, ಜಗ್ಗಿದರೆ ಅಲ್ಲಿಗೇ ಬಿಡತಕ್ಕದ್ದು. ಟೋನರಿನ ಬಣ್ಣವನ್ನು ಮೊಣಕೈಯ ಒಳಮಡಿಕೆಗೆ ಚೂರು ಹಚ್ಚಿ 48 ಗಂಟೆ ಕಾಯಬೇಕು. ಲೋಹದ ಪಾತ್ರೆ ಬೇಡ, ಗಾಜು ಇಲ್ಲವೆ ಪ್ಲಾಸ್ಟಿಕ್ಕಿನದು ಇರಲಿ. ಕೈಗವಸು ಬೇಕು, ಕಿಟಕಿ ತೆರೆದಿರಬೇಕು. ದಮ್ಮಿನ ರೋಗ ಇದ್ದವರು ಈ ಪುಡಿಯ ಹತ್ತಿರವೂ ಸುಳಿಯಬಾರದು. ತಲೆಯ ಕಾವಿಗೆ ಬುಡದ ಕೂದಲು ಬೇಗ ಬಿಳಿಚುವುದರಿಂದ ಮೊದಲು ತುದಿ-ನಡುವಿಗೆ, ಕೊನೆಯಲ್ಲಿ ಬುಡಕ್ಕೆ ಹಚ್ಚುವುದು. ಡಬ್ಬಿಯಲ್ಲಿ ಹೇಳಿದ ಸಮಯಕ್ಕಿಂತ ಒಂದು ನಿಮಿಷವೂ ಹೆಚ್ಚಿಡಬಾರದು. ಉರಿ ಎದ್ದರೆ ಆ ಕ್ಷಣವೇ ತಣ್ಣೀರಿನಿಂದ ತೊಳೆಯುವುದು, ಕಣ್ಣಿಗೆ ಸಿಡಿದರೆ ಕಾಲು ಗಂಟೆ ನೀರು ಬಿಟ್ಟು ಡಾಕ್ಟರರ ಕಡೆಗೆ ಓಡುವುದು. ಹುಬ್ಬು-ರೆಪ್ಪೆಗಳಿಗೆ ಸರ್ವಥಾ ಕೂಡದು. ಕೂದಲ ಬಣ್ಣ 16 ವರ್ಷದೊಳಗಿನವರಿಗಲ್ಲ ಎಂದು ಡಬ್ಬಿಯ ಮೇಲೆ ಅಚ್ಚು ಹಾಕುವ ಕಾಯಿದೆ ಯುರೋಪಿನಲ್ಲಿದೆ. ನಮ್ಮ ಮನೆಗಳಲ್ಲೂ ಪಾಲಿಸಿದರೆ ಒಳ್ಳೆಯದು.

ನಮ್ಮವರು ಇನ್ನೊಂದು ಸಂಗತಿಯನ್ನು ನೋಡಲೇಬೇಕು. ಬ್ಲೀಚಿನ ನಂತರ ಕೂದಲು ಒರಟಾಗುವುದರಿಂದ ಕೆರಾಟಿನ್, ಕೊಲಾಜನ್, ಸಿಲ್ಕ್ ಪ್ರೋಟೀನ್ ಇರುವ ಲೇಪಗಳನ್ನು ಕೊಳ್ಳುತ್ತಾರೆ. ಕೆರಾಟಿನ್ ಬರುವುದು ಉಣ್ಣೆ, ಗರಿ, ಗೊರಸು, ಕೊಂಬುಗಳಿಂದ, ಕೊಲಾಜನ್ ಚರ್ಮ-ಎಲುಬುಗಳಿಂದ, ರೇಷ್ಮೆಯ ಹುಳುಗಳ ಗತಿ ಎಲ್ಲರಿಗೂ ಗೊತ್ತು. ಕೆಲವದರಲ್ಲಿ ಜೇನು, ಜೇನುಮೇಣ ಕೂಡ ಇವೆ. ಬಾಯಿಗೆ ಗಡ್ಡೆ-ಗೆಣಸು ಮುಟ್ಟಿಸದವರು ತಲೆಗೆ ಗೊರಸಿನ ರಸ ಬಳಿದುಕೊಳ್ಳುವುದು ಶೋಭಿಸುವ ಮಾತಲ್ಲ. ಹಸಿರು ಚುಕ್ಕೆ ಇದೆಯೇ ನೋಡಿ. ಗೋಧಿಯ ಪ್ರೋಟೀನ್ ಇರುವ ಲೇಪಗಳೂ ಸಿಗುತ್ತವೆ, ಕೇಳಿ ಪಡೆಯಿರಿ. ಸೌಂದರ್ಯಸಾಧನಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನೂ, ಹಾಗೆ ಪರೀಕ್ಷಿಸಿದ್ದನ್ನು ಹೊರದೇಶದಿಂದ ತರಿಸುವುದನ್ನೂ ಭಾರತ ಸರಕಾರ 2014ರಲ್ಲಿ ನಿಷೇಧಿಸಿದೆ. ಇದು ಸಮಾಧಾನದ ಸಂಗತಿ.

ಈಗ ಮನೆಯ ಜಗಳದ ವಿಷಯ. ನಮ್ಮ ಊರಿನ ಒಂದು ಮನೆಯಲ್ಲಿ ಮಗ ಬೆಳ್ಳಿ ಕೂದಲು ಮಾಡಿಕೊಂಡು ಬಂದನೆಂದು ತಂದೆ ಮಾತು ಬಿಟ್ಟರು. ‘ನಾನು ಇನ್ನೂ ಬದುಕಿದ್ದೇನೆ, ಇವನು ಮುದುಕನಾಗಿ ಬಂದಿದ್ದಾನೆ’ ಎಂಬುದು ಅವರ ಸಂಕಟ. ಅವರನ್ನು ಒಪ್ಪಿಸಲು ನಮ್ಮನ್ನು ಕರೆದಿದ್ದರು. ತಂದೆಯವರ ತಲೆ ಕಾಡಿಗೆಯಂತೆ ಮಿರಿಮಿರಿ ಮಿಂಚುತ್ತಿತ್ತು! ಹದಿನೈದು ದಿನಕ್ಕೊಮ್ಮೆ ಡಬ್ಬಿ ಒಯ್ಯುವುದು ನಮ್ಮ ಅಂಗಡಿಯಿಂದಲೇ. ಕಪ್ಪು ಡೈಯಲ್ಲಿ ಬಹುಮಟ್ಟಿಗೆ ಇರುವ ಪಿಪಿಡಿ ಎಂಬ ರಸಾಯನವೂ ಸಾಧುವಲ್ಲ. ಒಗ್ಗದವರಿಗೆ ಮುಖ, ಕಣ್ಣು ಬಾತುಕೊಳ್ಳುತ್ತವೆ. ‘ನೀವು ವಯಸ್ಸನ್ನು ಮುಚ್ಚುತ್ತೀರಿ, ಅವನು ಇಲ್ಲದ ವಯಸ್ಸನ್ನು ತೋರುತ್ತಾನೆ, ಇಬ್ಬರೂ ಕನ್ನಡಿಯ ಗಿರಾಕಿಗಳೇ’ ಎಂದೆವು. ಅವರಿಗೆ ರುಚಿಸಲಿಲ್ಲ. ಆದರೆ ತಾಯಿ ಒಳಗಿನಿಂದ ನಕ್ಕದ್ದು ಕೇಳಿಸಿತು.

ನಮ್ಮ ಪುರಾಣಗಳಲ್ಲಿ ನರೆಗೆ ಇರುವ ಮಾನ ಬೇರೆಲ್ಲೂ ಸಿಗಲಾರದು. ದಿಗಂಬರ ಪರಂಪರೆಯ ಮಹಾಪುರಾಣದಲ್ಲಿ ಭರತ ಚಕ್ರವರ್ತಿಯು ಕನ್ನಡಿಯಲ್ಲಿ ಒಂದು ಬಿಳಿಗೂದಲು ಕಂಡೇ ಷಟ್ಖಂಡ ರಾಜ್ಯವನ್ನು ಬಿಟ್ಟು ಹೊರಟನು. ಸೋಮದೇವ ಸೂರಿಗಳು 959ರಲ್ಲಿ ಮುಗಿಸಿದ ಯಶಸ್ತಿಲಕದಲ್ಲಿ ಯಶೋಧರನ ತಂದೆಯೂ ನರೆ ಕಂಡು ಮಗನಿಗೆ ಪಟ್ಟ ಕಟ್ಟುತ್ತಾನೆ. ಆ ಯಶೋಧರನ ಕಥೆಯನ್ನೇ 1209ರಲ್ಲಿ ಜನ್ನನು ಕನ್ನಡಕ್ಕೆ ತಂದನು. ಆ ನರೆ ಕರೆಯದೆ ಬಂದದ್ದು, ಆದ್ದರಿಂದಲೇ ಅದರ ಮಾತನ್ನು ಕೇಳಿದರು. ಡಬ್ಬಿಯಿಂದ ಬಂದ ನರೆ ಯಾರಿಗೂ ಏನನ್ನೂ ಹೇಳುವುದಿಲ್ಲ. ಹಾಗೆಂದು ಅದನ್ನು ಮಹಾಪಾಪವೆಂದು ಸಾರುವವರ ಪಂಕ್ತಿಯಲ್ಲಿ ನಾವಿಲ್ಲ. ಶೋಕಿ ಹಿಂದೆಯೂ ಇತ್ತು. ಇಂಗ್ಲೆಂಡಿನ ಶ್ರೀಮಂತರು ತಲೆಗೆ ಪಿಷ್ಟದ ಪುಡಿ ಉದುರಿಸಿಕೊಂಡು ಬೆಳ್ಳಗಾಗುತ್ತಿದ್ದರು. ಗೋಧಿಯ ಬರ ಬಿದ್ದ 1795ರಲ್ಲಿ ಅಲ್ಲಿಯ ಸರಕಾರ ಆ ಪುಡಿಗೆ ವರ್ಷಕ್ಕೆ ಒಂದು ಗಿನ್ನಿ ತೆರಿಗೆ ಹಾಕಿತು, ಶೋಕಿ ಬೇಗನೆ ಇಳಿಯಿತು. ವ್ಯಾಪಾರಿಗಳಾದ ನಮಗೆ ತೆರಿಗೆಯ ಈ ಮಹಿಮೆ ಹೊಸದಲ್ಲ.

ದಶಲಕ್ಷಣ ಪರ್ವದಲ್ಲಿ ನಮ್ಮ ಮಕ್ಕಳು ನಾಟಕ ಆಡುತ್ತಾರೆ, ಮುದಿ ಕಂಚುಕಿಯ ಪಾತ್ರ, ಅಜ್ಜಿಯ ಪಾತ್ರ ಇದ್ದೇ ಇರುತ್ತದೆ. ಅದಕ್ಕೆ ಬ್ಲೀಚಿನ ಹಂಗು ಬೇಡ. ಕಪ್ಪು ಕೂದಲಿನ ಮೇಲೆಯೇ ಕೂರುವ ಬೆಳ್ಳಿಯ ಮೇಣ, ಸ್ಪ್ರೇ, ಸೀಮೆಸುಣ್ಣದ ಕಡ್ಡಿ ಸಿಗುತ್ತವೆ. ಒಂದೆರಡು ಸಲ ಶಾಂಪೂ ಹಾಕಿ ತೊಳೆದರೆ ಹೋಗುತ್ತವೆ. ಮೇಣ ಕೊಳ್ಳುವಾಗ ಜೇನುಮೇಣವೋ ಗಿಡದ ಮೇಣವೋ ಎಂದು ಕೇಳಿರಿ. ಹಬ್ಬಕ್ಕೋ ಸ್ನೇಹಿತರ ಫೋಟೋಕ್ಕೋ ಬೆಳ್ಳಿ ತಲೆ ಬೇಕೆನ್ನುವ ಕಾಲೇಜಿನವರಿಗೂ ನಾವು ಮೊದಲು ಇದನ್ನೇ ತೆಗೆದು ತೋರಿಸುತ್ತೇವೆ. ಸಂಜೆಯ ತನಕ ಕನ್ನಡಿ ನೋಡಿಕೊಂಡು ಸಾಕೆನ್ನಿಸಿದವರೇ ಹೆಚ್ಚು. ಇನ್ನು ಹದಿನೆಂಟು-ಇಪ್ಪತ್ತರ ಮಕ್ಕಳಿಗೆ ಯಾವ ಡಬ್ಬಿಯೂ ಇಲ್ಲದೆ ತಾನಾಗಿಯೇ ನರೆ ತೋರಿದರೆ ಬಣ್ಣದ ಅಂಗಡಿಗೆ ಬರುವ ಮೊದಲು ರಕ್ತ ತಪಾಸಣೆ ಮಾಡಿಸಿರಿ. ಬಿ-12 ಜೀವಸತ್ವದ ಕೊರತೆ, ಥೈರಾಯ್ಡ್ ದೋಷಗಳಿಂದಲೂ ಹಾಗಾಗುವುದುಂಟು. ಶಾಕಾಹಾರಿಗಳಾದ ನಮ್ಮ ಮನೆಗಳಲ್ಲಿ ಹಾಲು, ಮೊಸರು, ಮಜ್ಜಿಗೆ ಬಿಟ್ಟ ಮಕ್ಕಳಿಗೆ ಬಿ-12 ಕಡಿಮೆಯಾಗುವ ಸಂಭವ ಹೆಚ್ಚು. ಅದಕ್ಕೆ ಗುಳಿಗೆ, ಇಂಜೆಕ್ಷನ್ ಇವೆ, ಡಾಕ್ಟರರು ಹೇಳಿದಂತೆ ತೆಗೆದುಕೊಂಡರಾಯಿತು.