‘ಸುಪ್ರೀಂ’: ಗಡಿಗನ್ನಡದಲ್ಲೊಂದು ಗುಣವಾಚಕ

ಇಂಗ್ಲಿಷಿನ ‘ಸುಪ್ರೀಂ’ ಗುಣವಾಚಕ. ಅಧಿಕಾರದಲ್ಲಿ ಎಲ್ಲಕ್ಕೂ ಮೇಲಿನದು ಎಂದರ್ಥ. ಬರಹದಲ್ಲಿ ಇದಕ್ಕೆ ಕನ್ನಡ, ಮರಾಠಿ ಎರಡರಲ್ಲೂ ‘ಸರ್ವೋಚ್ಚ’ ಎಂಬ ಸಂಸ್ಕೃತ ಪದವೇ ಉಂಟು. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಕಡೆಯ ಆಡುಮಾತಿನ ದಾರಿ ಬೇರೆ. 2004ರಲ್ಲಿ ಮಹಾರಾಷ್ಟ್ರ ಹೂಡಿದ ಗಡಿದಾವೆಯ ಬಗ್ಗೆ ‘ಕೇಸು ಸುಪ್ರೀಂಗ ಹೋತು’, ‘ಸುಪ್ರೀಂನ್ಯಾಗ ಐತಿ’ ಅಂತಾರ. ಇಲ್ಲಿ ‘ಕೋರ್ಟ್’ ಬಿದ್ದುಹೋಗಿ, ಗುಣವಾಚಕವೇ ನಾಮಪದವಾಗಿ ‘-ಗ’, ‘-ನ್ಯಾಗ’ ಎಂಬ ವಿಭಕ್ತಿ ಹಚ್ಚಿಕೊಂಡಿದೆ. ಮನುಷ್ಯನ ಹೆಚ್ಚುಗಾರಿಕೆಗೆ ಮಾತ್ರ ‘ಎಲ್ಲಾರ್ಕಿಂತ ಮ್ಯಾಲ’ ಎಂಬುದೇ ಸಹಜ. ಕನ್ನಡದಲ್ಲಿ ಗುಣವಾಚಕಕ್ಕೆ ಬೇರೆ ಪ್ರತ್ಯಯ ಬೇಕಿಲ್ಲ, ‘ಕಿಂತ’ ಸಾಕು. ಶಬ್ದ ಹೊರಗಿನದು, ವ್ಯಾಕರಣ ಮನೆಯದು. ಸಾಲಿ ಮರಾಠಿಯಾದ ಮನೆಯವರು ತಮ್ಮ ಮಾತು ‘ಕಲಬೆರಕಿ’ ಎಂದು ನಾಚಿ, ಜನಗಣತಿಯಲ್ಲಿ ಬೇರೆ ಮಾತೃಭಾಷೆ ಬರೆಸುವ ಮುನ್ನ ಈ ‘ನ್ಯಾಗ’ವನ್ನು ಒಮ್ಮೆ ಕಿವಿಗೊಟ್ಟು ಕೇಳಬೇಕು.